ಹೂಳು ತುಂಬುವುದೂ ಬದಲಾವಣೆಯೇ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಈ ತಿಂಗಳ ಗೋಷ್ಠಿಗೆ 'ಬದಲಾವಣೆ ಮತ್ತು ಬದುಕು' ಎಂಬ ವಿಷಯವನ್ನು ಇಟ್ಟು, ಅದರ ಮೇಲೆ ಮಾತನಾಡಲು ಒಬ್ಬ ನಿವೃತ್ತ ನೀರಾವರಿ ಇಂಜಿನಿಯರನನ್ನು ಕರೆದಿದ್ದೀರಿ. ವಚನ ಸಾಹಿತ್ಯವನ್ನು ಆಳವಾಗಿ ಅಭ್ಯಾಸ ಮಾಡಿದ ವಿದ್ವಾಂಸರು ಇದೇ ಸಭೆಯಲ್ಲಿ ಕೂತಿದ್ದಾರೆ. ನಾನು ಅಣೆಕಟ್ಟು, ಕಾಲುವೆ, ಸೇತುವೆಗಳ ಮೇಲೆ ಓಡಾಡಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಆದ್ದರಿಂದ ನನಗೆ ಗೊತ್ತಿರುವ ನೀರು, ಮಣ್ಣು, ಕಬ್ಬಿಣದ ದಾರಿಯಿಂದಲೇ ವಿಷಯಕ್ಕೆ ಬರುತ್ತೇನೆ.

ಬದಲಾವಣೆ ಜಗತ್ತಿನ ನಿಯಮ ಎಂಬ ಮಾತನ್ನು ಒಪ್ಪದವರು ಯಾರೂ ಇಲ್ಲ. ಅದನ್ನು ಹೇಳಿದವರಿಗೂ ಖರ್ಚಿಲ್ಲ, ಕೇಳಿದವರಿಗೂ ಖರ್ಚಿಲ್ಲ. ಸಭೆಯಲ್ಲಿ ತಲೆಯಾಡಿಸಿ ಪ್ರಸಾದ ತೆಗೆದುಕೊಂಡು ಮನೆಗೆ ಹೋಗಬಹುದು. ನಾನು ಹೇಳಬೇಕಾಗಿರುವುದು ಸ್ವಲ್ಪ ಬೇರೆ ಇದೆ. ನಾವು ಏನೂ ಮಾಡದೆ ಸುಮ್ಮನೆ ಕೂತರೂ ಒಂದು ಬದಲಾವಣೆ ಆಗುತ್ತಲೇ ಇರುತ್ತದೆ. ಅದು ಬಹಳ ಸಲ ಕೆಟ್ಟ ಕಡೆಗೇ ಹೋಗುತ್ತದೆ. ನಮ್ಮ ಹೊಸಪೇಟೆಯ ತುಂಗಭದ್ರಾ ಜಲಾಶಯವನ್ನೇ ನೋಡಿ.

1953ರಲ್ಲಿ ಆ ಅಣೆಕಟ್ಟೆಯಿಂದ ಕಾಲುವೆಗೆ ನೀರು ಹರಿಯಲು ಶುರುವಾದಾಗ ಅದರ ಸಾಮರ್ಥ್ಯ 133 ಟಿಎಂಸಿ ಎಂದು ಲೆಕ್ಕ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. 2016ರಲ್ಲಿ ಅಳತೆ ಮಾಡಿದಾಗ ಉಳಿದದ್ದು ಸುಮಾರು 105.8 ಟಿಎಂಸಿ. ಉಳಿದ 27 ಟಿಎಂಸಿ ಜಾಗವನ್ನು ಹೂಳು ತಿಂದಿತು. ಕಟ್ಟೆ ಹಾಗೆಯೇ ನಿಂತಿದೆ. ಎತ್ತರ ಒಂದು ಇಂಚೂ ಕಡಿಮೆಯಾಗಿಲ್ಲ. ದಡದ ಮೇಲೆ ನಿಂತು ನೋಡಿದರೆ ತುಂಬಿದ ಕೆರೆ ತುಂಬಿದಂತೆಯೇ ಕಾಣುತ್ತದೆ. ಯಾವ ಒಂದು ದಿನವೂ ಯಾರೂ 'ಇವತ್ತು ಹೂಳು ತುಂಬಿತು' ಎಂದು ಹೇಳಲಾರರು. ಪ್ರತಿ ಮಳೆಗಾಲದಲ್ಲಿ ಕೆಂಪು ನೀರು ಬಂತು, ಮಣ್ಣು ತಳಕ್ಕೆ ಕೂತಿತು, ತಿಳಿನೀರು ಮೇಲೆ ನಿಂತಿತು, ಜನ ಬಂದು ಫೋಟೋ ತೆಗೆಸಿಕೊಂಡು ಹೋದರು. ಕಾಲುವೆಯ ಕೊನೆಯ ಹೊಲದ ರೈತನಿಗೆ ಮಾತ್ರ ಎರಡನೆಯ ಬೆಳೆಯ ಹೊತ್ತಿಗೆ ಲೆಕ್ಕ ಗೊತ್ತಾಗುತ್ತದೆ.

ಅದೇ ಕಟ್ಟೆಯ ಇನ್ನೊಂದು ಸಂಗತಿ ನಿಮಗೆಲ್ಲ ನೆನಪಿರಬೇಕು. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗ, 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯ ಗೇಟಿನ ಚೈನ್ ಕಳಚಿ ಗೇಟು ಕೊಚ್ಚಿಹೋಯಿತು. ನಾಲ್ಕು ಜಿಲ್ಲೆಯ ರೈತರು ಅನ್ನ ಬಿಟ್ಟು ಟಿವಿ ಮುಂದೆ ಕೂತರು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದೊಳಗೆ ನೀರು ತಡೆದರು. ಆ ಕೆಲಸ ಮಾಡಿದ ಹುಡುಗರ ಧೈರ್ಯಕ್ಕೆ ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ. ಆದರೆ ಗಮನಿಸಬೇಕಾದದ್ದು ಇದು: ಹೋದದ್ದು ಕಲ್ಲಿನ ಕಟ್ಟೆಯಲ್ಲ, ಕಟ್ಟೆಯಲ್ಲಿ ಅಲುಗಾಡುವ ಭಾಗ. ಅಣೆಕಟ್ಟೆ ನಿಂತೇ ಇರುವ ವಸ್ತು ಎಂದು ಜನ ತಿಳಿಯುತ್ತಾರೆ. ಅದರ ಜೀವ ಇರುವುದು ಏರಿಳಿಯುವ ಗೇಟಿನಲ್ಲಿ, ಚೈನಿನಲ್ಲಿ, ಗ್ರೀಸ್ ಹಾಕಿದ ಗಾಲಿಯಲ್ಲಿ. ಹಳೆಯ ಗೇಟನ್ನು ಸಕಾಲದಲ್ಲಿ ತೆಗೆದು ಹೊಸದು ಹಾಕುವುದು ಕಟ್ಟೆಗೆ ಮಾಡುವ ಅವಮಾನ ಎಂದು ಯಾವ ಇಂಜಿನಿಯರನೂ ಹೇಳುವುದಿಲ್ಲ.

ಸೇತುವೆಯದೂ ಹೀಗೆಯೇ. ಬಸ್ಸು ಸೇತುವೆ ದಾಟುವಾಗ ಅಲ್ಲಲ್ಲಿ ಟಪ್ ಟಪ್ ಎಂದು ಸದ್ದಾಗುತ್ತದಲ್ಲ, ಅಲ್ಲಿ ಬೇಕೆಂದೇ ಸಂದು ಬಿಟ್ಟಿರುತ್ತೇವೆ. ಮೂವತ್ತು ಮೀಟರಿನ ಒಂದು ತೊಲೆ ಚಳಿಗಾಲದ ಬೆಳಗಿನ ಜಾವಕ್ಕೂ ಮೇ ತಿಂಗಳ ಮಧ್ಯಾಹ್ನಕ್ಕೂ ಸುಮಾರು ಒಂದು ಸೆಂಟಿಮೀಟರ್ ಹಿಗ್ಗುತ್ತದೆ, ಕುಗ್ಗುತ್ತದೆ. ಆ ಒಂದು ಸೆಂಟಿಮೀಟರಿಗೆ ಜಾಗ ಕೊಡದಿದ್ದರೆ ಕಾಂಕ್ರೀಟು ಸೀಳುತ್ತದೆ. ತೊಲೆಯ ಕೆಳಗೆ ಬೇರಿಂಗ್ ಇಟ್ಟಿರುತ್ತೇವೆ. ಅದು ಧೂಳು ಹಿಡಿದು ತುಕ್ಕು ತಿಂದು ಸರಿಯದೆ ನಿಂತರೆ ಕಂಬದ ತಲೆಯೇ ಬಿರುಕು ಬಿಡುತ್ತದೆ. ಇದು ಡಿಪ್ಲೊಮಾ ಎರಡನೆಯ ವರ್ಷದ ಪಾಠ, ದೊಡ್ಡ ತತ್ವವೇನಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ.

ಸ್ಥಾವರ, ಜಂಗಮ ಎಂಬ ಎರಡು ಪದಗಳನ್ನು ನಮ್ಮಷ್ಟು ಬಳಸುವ ಸಮಾಜ ಬೇರೆ ಇಲ್ಲ. ಅವುಗಳ ಅರ್ಥವನ್ನು ಪುಸ್ತಕದಲ್ಲಿ ಓದಿದ್ದೆ. ಆದರೆ ಅದು ನಿಜವಾಗಿ ಮನಸ್ಸಿಗೆ ತಾಗಿದ್ದು ಕೃಷ್ಣಾ ಮೇಲ್ದಂಡೆ ಯೋಜನೆಯ ಮುಳುಗಡೆ ಹಳ್ಳಿಗಳಲ್ಲಿ. ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಎಷ್ಟೋ ಊರುಗಳು, ಹಳೆಯ ಬಾಗಲಕೋಟೆಯ ಬಹುಭಾಗ, ನೀರಿಗೆ ಜಾಗ ಬಿಟ್ಟವು. ನವನಗರ ಎದ್ದಿತು. ಮುಳುಗಡೆಯ ಸರ್ವೆ ಎಂದರೆ ಪ್ರತಿಯೊಂದಕ್ಕೂ ಲೆಕ್ಕ: ಮನೆಯ ಗೋಡೆ ಎಷ್ಟು ಚದರ ಮೀಟರು, ಜಂತಿ ಸಾಗುವಾನಿಯೋ ಬೇವೋ, ಬಾವಿ ಎಷ್ಟು ಆಳ, ಹುಣಸೆ ಮರಕ್ಕೆ ಎಷ್ಟು ವಯಸ್ಸು. ಗುಡಿಗಳಿಗೂ ಅಳತೆ, ಗುಡಿಗಳಿಗೂ ಬೆಲೆ. ಒಂದು ಹಳ್ಳಿಯಲ್ಲಿ ನಾವು ಟೇಪು ಹಿಡಿದು ಗುಡಿ ಅಳೆಯುತ್ತಿದ್ದಾಗ ಊರಿನ ಗಂಡಸರೆಲ್ಲ ಸುತ್ತ ನಿಂತು ಜಗಳ ತೆಗೆದಿದ್ದರು. ಬೆಲೆ ಕಡಿಮೆಯಾಯಿತು, ಹೊಸ ಊರಿನಲ್ಲಿ ಈಶಾನ್ಯಕ್ಕೇ ಜಾಗ ಬೇಕು, ಹೀಗೆ. ಮನೆ ಕಳೆದುಕೊಳ್ಳುವವರ ಸಂಕಟ ಅದು, ನಾನು ತಪ್ಪು ಹೇಳಲಾರೆ. ಕಟ್ಟೆಯ ಮೇಲೆ ಕೂತಿದ್ದ ವಯಸ್ಸಾದ ಒಬ್ಬ ಅಮ್ಮ ಮಾತ್ರ ನಗುತ್ತಿದ್ದರು. "ಅಮ್ಮಾ, ನಿಮ್ಮ ದೇವರಿಗೆ ಎಲ್ಲಿ ಜಾಗ ಬರೆಯಲಿ?" ಎಂದು ಕೇಳಿದೆ. ಸೆರಗಿನೊಳಗಿನ ಕರಡಿಗೆ ಮುಟ್ಟಿ ತೋರಿಸಿ, "ನನ್ನ ದೇವ್ರು ನನ್ನ ಕೊಳ್ಳಾಗ ಅದಾನೋ ತಮ್ಮಾ. ನಾ ಎಲ್ಲಿ ಹೊಂಟ್ರ ಅಲ್ಲಿಗೆ ಬರ್ತಾನ. ನಿನ್ನ ಪುಸ್ತಕದಾಗ ಅವಂಗ ಏನೂ ಬರೀಬ್ಯಾಡ" ಎಂದರು.

ಆ ತಾಯಿ ಅಕ್ಷರ ಕಲಿತವರಲ್ಲ. ಇಷ್ಟಲಿಂಗವನ್ನು ಕೊಟ್ಟ ಶರಣರು ಏನು ಕೊಟ್ಟರು ಎಂಬುದನ್ನು ಅವರಷ್ಟು ಚಿಕ್ಕದಾಗಿ ಯಾರೂ ನನಗೆ ಹೇಳಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಾಯಕದ ಜನ ಊರೂರು ಅಲೆಯುವವರು. ಅಂಬಿಗ, ಮಾದಾರ, ಗಾಣಿಗ, ತುರುಗಾಹಿ, ಇವರಲ್ಲಿ ಎಷ್ಟೋ ಜನಕ್ಕೆ ಗುಡಿಯ ಬಾಗಿಲು ಮುಚ್ಚಿತ್ತು. ಅಂಥವರ ಅಂಗೈಗೇ ದೇವರನ್ನು ತಂದರು. ಬದುಕು ಚಲಿಸುತ್ತದೆ ಎಂದು ಮೊದಲೇ ಲೆಕ್ಕ ಹಿಡಿದು ಮಾಡಿದ ವ್ಯವಸ್ಥೆ ಅದು. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಅದರ ಡಿಸೈನಿನಲ್ಲೇ ಬೇರಿಂಗ್ ಇದೆ.

ಕೂಡಲಸಂಗಮಕ್ಕೆ ನೀವೆಲ್ಲ ಹೋಗಿದ್ದೀರಿ. ಬಸವಸಾಗರದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಸ್ಥಳ ಮುಳುಗುವುದಿತ್ತು. ಸುತ್ತ ಬಾವಿಯಂತೆ ದುಂಡನೆಯ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡಿದ್ದೇವೆ. ಮೆಟ್ಟಿಲಿಳಿದು ಕೆಳಗೆ ಹೋದಾಗ, ಗೋಡೆಯ ಆಚೆ ಕೃಷ್ಣೆ ನಿಂತಿದ್ದಾಳೆ ಎಂದು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಗೋಡೆ ಇರುವಷ್ಟು ಕಾಲ ಯಾರೋ ಅದರ ಸೋರಿಕೆ ನೋಡಬೇಕು, ಪಂಪು ನೋಡಬೇಕು. ಬಸವಣ್ಣನವರ ಮಾತು ಉಳಿದದ್ದಕ್ಕೆ ಇಂಥ ಗೋಡೆ ಕಾರಣವಲ್ಲ.

ಅದು ಹೇಗೆ ಉಳಿಯಿತು? ತಾಳೆಗರಿಗೆ ಗೆದ್ದಲು ಹಿಡಿಯುತ್ತದೆ, ಹುಳು ಹಿಡಿಯುತ್ತದೆ, ಅಂಚು ಮುರಿದು ಉದುರುತ್ತದೆ. ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಕೂತು ಹೊಸ ಗರಿಗೆ ನಕಲು ಮಾಡಿದ್ದರಿಂದ ವಚನಗಳು ಮುಂದೆ ಬಂದವು. ಕೆಂಪು ಬಟ್ಟೆಯಲ್ಲಿ ಕಟ್ಟಿ, ಜಗಲಿಯ ಮೇಲಿಟ್ಟು, ಬಿಚ್ಚದೆ ಪೂಜೆ ಮಾತ್ರ ಮಾಡಿದ ಕಟ್ಟುಗಳು ಪುಡಿಯಾದವು. ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಹಳ್ಳಿ ಹಳ್ಳಿ ತಿರುಗಿ ಆ ಕಟ್ಟುಗಳನ್ನು ಬಿಚ್ಚಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಯಿತು. ಮುಂದೆ ಸ್ವಂತ ಮುದ್ರಣಾಲಯಕ್ಕಾಗಿ ಮನೆಯನ್ನೂ ಮಾರಿದರು. ಪೂಜೆಯ ಗರಿಗೆ ಮಸಿ ಹತ್ತಿಸಿ ಅಚ್ಚು ಹಾಕುವುದೇ ಎಂದು ಮೂಗು ಮುರಿದವರೂ ಇದ್ದಿರಬೇಕು, ಯಾವ ಕಾಲದಲ್ಲೂ ಇರುತ್ತಾರೆ. ಅವರ ಮಾತು ನಡೆದಿದ್ದರೆ ಇವತ್ತು ಇಲ್ಲಿ ಗೋಷ್ಠಿ ಎಲ್ಲಿಯದು?

ಇಳಕಲ್ಲಿನ ಮಹಾಂತ ಅಪ್ಪಗಳನ್ನು ನೆನೆಯದೆ ಈ ವಿಷಯ ಮುಂದೆ ಹೋಗುವುದಿಲ್ಲ. ಜೋಳಿಗೆ ಹಿಡಿದು ಭಿಕ್ಷೆಗೆ ಹೋಗುವುದು ಮಠದ ಹಳೆಯ ಪದ್ಧತಿ. ಅಪ್ಪಗಳು ಅದೇ ಜೋಳಿಗೆ ಹಿಡಿದು ಬಾಗಿಲ ಮುಂದೆ ನಿಂತು ಕುಡಿತ, ಬೀಡಿ, ತಂಬಾಕಿನ ಚಟವನ್ನು ಭಿಕ್ಷೆಯಾಗಿ ಬೇಡಿದರು. ಬಟ್ಟೆಯ ಚೀಲ ಅದೇ, ಬೇಡುವ ಕೈ ಅದೇ. ಒಳಗೆ ಬೀಳುವ ವಸ್ತು ಬದಲಾಯಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಗಂಡನ ಕುಡಿತ ಆ ಜೋಳಿಗೆಗೆ ಬಿದ್ದ ದಿನ ಆ ಮನೆಯ ಹೆಣ್ಣುಮಗಳಿಗೆ ಎಂಥ ಬದಲಾವಣೆಯಾಗಿರಬೇಕು, ಯೋಚಿಸಿ.

ಹಾಗಾದರೆ ಏನು ಬೇಕಾದರೂ ಬದಲಾಯಿಸಬಹುದೇ ಎಂದು ಕಳೆದ ತಿಂಗಳು ಇಲ್ಲಿಯೇ ಒಬ್ಬರು ಕೇಳಿದರು. ಪ್ರಶ್ನೆ ಸರಿಯಾಗಿದೆ. ಸರ್ವೆ ಕೆಲಸದಲ್ಲಿ ಬೆಂಚ್ ಮಾರ್ಕ್ ಎಂಬ ಕಲ್ಲು ಇರುತ್ತದೆ. ಸಮುದ್ರಮಟ್ಟದಿಂದ ಇಷ್ಟು ಎತ್ತರ ಎಂದು ಅದಕ್ಕೆ ಒಂದು ಅಂಕಿ. ಕಾಲುವೆ ಎಲ್ಲಿ ತಿರುಗಬೇಕು, ತೂಬು ಎಲ್ಲಿ ಕೂರಬೇಕು, ನಕ್ಷೆ ಹತ್ತು ಸಲ ಬದಲಾಗಬಹುದು. ಎಲ್ಲ ಮಟ್ಟವನ್ನೂ ಆ ಕಲ್ಲಿನಿಂದಲೇ ತೆಗೆಯಬೇಕು. ಅದನ್ನೇ ಸರಿಸಿದರೆ ನೀರು ಹಿಂದಕ್ಕೆ ಹರಿಯುವ ಕಾಲುವೆ ಕಟ್ಟಿ ಕೂರುತ್ತೇವೆ. ನಮಗೆ ಕಾಯಕ, ದಾಸೋಹ, ಹುಟ್ಟಿನಿಂದ ಯಾರೂ ಮೇಲಲ್ಲ ಕೀಳಲ್ಲ ಎಂಬ ನಿಲುವು ಅಂಥ ಕಲ್ಲು. ಬಸವ ಜಯಂತಿಯ ಮೆರವಣಿಗೆಗೆ ಡಿಜೆ ತರುವುದೂ ಬದಲಾವಣೆಯೇ ಎಂದು ಹುಡುಗರು ವಾದಿಸುತ್ತಾರೆ. ಆ ಕಲ್ಲಿನಿಂದ ಅಳೆದು ನೋಡಿ ಎಂದಷ್ಟೇ ಹೇಳುತ್ತೇನೆ.

ಈಗ ಹೂಳಿನ ಮಾತು. ಇದು ಸ್ವಲ್ಪ ಕಹಿ ಆಗಬಹುದು, ಪೂಜ್ಯರ ಕ್ಷಮೆ ಇರಲಿ.

ನಮ್ಮ ಮನೆಗಳಲ್ಲಿ ಅನುಕೂಲದ ಬದಲಾವಣೆಗೆ ಯಾವ ತಡೆಯೂ ಇಲ್ಲ. ಒಲೆ ಹೋಗಿ ಗ್ಯಾಸ್ ಬಂತು, ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಮಗ ಅಮೆರಿಕಕ್ಕೆ ಹೋದ, ಮೊಮ್ಮಗಳು ಅಲ್ಲಿಂದ ಮೊಬೈಲಿನಲ್ಲಿ ಶರಣು ಹೇಳುತ್ತಾಳೆ. ಇವಕ್ಕೆ ಯಾರೂ ಧರ್ಮ ಕೆಟ್ಟಿತು ಎನ್ನಲಿಲ್ಲ. ಅದೇ ಮಗ ಬೆಂಗಳೂರಿನಲ್ಲಿ ಮನೆ ಕೊಂಡರೆ ಮೊದಲು ಬರುವವನು ವಾಸ್ತುವಿನವನು. ಶಾಸ್ತ್ರಬದ್ಧ ಮುಹೂರ್ತ ಸಿಗಲಿಲ್ಲವೆಂದು ಆರು ತಿಂಗಳು ಬೀಗ ಹಾಕಿ ಬಾಡಿಗೆ ಮನೆಯಲ್ಲಿ ಕೂತ ಶರಣರು ನನಗೆ ಪರಿಚಯದವರಿದ್ದಾರೆ. ಗಂಡ ಲಿಂಗೈಕ್ಯನಾದ ತಾಯಿ ತನ್ನ ಮಗಳ ಮದುವೆಯಲ್ಲೇ ಅಕ್ಷತೆಯ ಹೊತ್ತಿಗೆ ಕಂಬದ ಹಿಂದೆ ಸರಿಯುತ್ತಾಳೆ. ಅವಳನ್ನು ಯಾರೂ ಸರಿ ಎಂದು ಹೇಳಿರುವುದಿಲ್ಲ, ತಾನೇ ಸರಿಯುತ್ತಾಳೆ. ಹೆಣ್ಣಿಗೆ ಗಂಡಿನ ಸಮಾನ ದೀಕ್ಷೆ ಕೊಟ್ಟ ಧರ್ಮದ ಮದುವೆಯ ಮಂಟಪದಲ್ಲಿ ನಡೆಯುವ ಮಾತು ಇದು. ಇವು ಯಾವುವೂ ಶರಣರು ಕೊಟ್ಟದ್ದಲ್ಲ. ನಮ್ಮ ಯಾವ ಸಭೆಯೂ ಇವನ್ನು ತರೋಣ ಎಂದು ಗೊತ್ತುವಳಿ ಮಾಡಲಿಲ್ಲ. ಪ್ರತಿ ಮಳೆಗಾಲಕ್ಕೆ ಒಂದಿಷ್ಟು ಬಂದು ಕೂತಿತು. ಮೇಲೆ ನೋಡಿದರೆ ಮಠವಿದೆ, ಜಾತ್ರೆಯಿದೆ, ವಿಭೂತಿಯಿದೆ; ನೀರು ಎಷ್ಟು ಹಿಡಿಯುತ್ತದೆ ಎಂದು ಅಳೆದು ನೋಡಿದವರು ಕಡಿಮೆ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದಾಗ ನಾವೆಲ್ಲ ಪೇಢೆ ಹಂಚಿದೆವು, ನಾನೂ ಹಂಚಿದೆ. ಕಚೇರಿಗಳ ಗೋಡೆಗೆ ಭಾವಚಿತ್ರ ಬಂತು. ಒಳ್ಳೆಯದೇ. ಅದರ ಕೆಳಗೆ ಕೂತವರು ಏನು ಮಾಡುತ್ತಾರೆ ಎಂಬುದು ನಾನು ಕಚೇರಿಯಲ್ಲಿ ಇದ್ದವನಾದ್ದರಿಂದ ಹೇಳದೆ ಬಿಡುತ್ತೇನೆ.

ದೊಡ್ಡ ಹೂಳು ಇರುವುದು ಮದುವೆಯಲ್ಲಿ. ಮುಳುಗಡೆಯ ಇನ್ನೊಂದು ಹಳ್ಳಿಯ ಮಾತು ಹೇಳಿಬಿಡುತ್ತೇನೆ. ಹಳೆಯ ಊರಿನಲ್ಲಿ ಓಣಿಗಳು ಒಳಪಂಗಡದ ಪ್ರಕಾರ ಇದ್ದವು. ಪುನರ್ವಸತಿ ಕೇಂದ್ರದ ನಕ್ಷೆಯಲ್ಲಿ ಪ್ಲಾಟುಗಳಿಗೆ ನಂಬರು ಮಾತ್ರ. ಚೀಟಿ ಎತ್ತಿ ಯಾರಿಗೆ ಯಾವುದು ಬಂದರೆ ಅದು ಎಂದು ನಮ್ಮ ವಿಚಾರ. ನೂರಾರು ವರ್ಷದ ಊರು ನೀರಿನಲ್ಲಿ ಹೋಗುತ್ತಿದೆ, ಬಯಲಿನಲ್ಲಿ ಹೊಸದಾಗಿ ಗೆರೆ ಎಳೆಯುವ ಅವಕಾಶ ಬಂದಿದೆ. ಹಿರಿಯರು ಒಂದು ಅರ್ಜಿ ತಂದರು. ಏನೆಂದು? ನಮ್ಮ ನಮ್ಮ ಓಣಿ ನಮಗೆ ನಮಗೆ ಒಂದೇ ಕಡೆ ಕೊಡಿ. ಅರ್ಜಿ ಕೊಟ್ಟವರೆಲ್ಲರ ಹಣೆಯಲ್ಲೂ ವಿಭೂತಿ ಇತ್ತು. ಮನೆ, ಹೊಲ, ಬಾವಿ, ಹುಣಸೆ ಮರ ಎಲ್ಲವನ್ನೂ ನೀರಿಗೆ ಬಿಟ್ಟು ಬಂದರು, ಅದೊಂದನ್ನು ಮಾತ್ರ ಬಿಡಲಿಲ್ಲ.

ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಆದ ಮದುವೆಯ ಕಥೆಯನ್ನು ನಾವು ಪ್ರತಿ ಬಸವ ಜಯಂತಿಗೆ ಹೇಳುತ್ತೇವೆ. ಆ ತಂದೆಯರಿಬ್ಬರು ಪಟ್ಟ ಶಿಕ್ಷೆಯನ್ನು ಕೇಳುವಾಗ ಕಣ್ಣು ತುಂಬುತ್ತದೆ. ಸಮಾರಂಭ ಮುಗಿದ ಮೇಲೆ ಪಂಚಮಸಾಲಿಯವರು ಪಂಚಮಸಾಲಿಯಲ್ಲೇ, ಬಣಜಿಗರು ಬಣಜಿಗರಲ್ಲೇ, ಗಾಣಿಗರು, ಸಾದರು, ಜಂಗಮರು ತಮ್ಮ ತಮ್ಮಲ್ಲೇ ಹೆಣ್ಣು ಹುಡುಕುತ್ತಾರೆ. ಇಬ್ಬರ ಕೊರಳಲ್ಲೂ ಇಷ್ಟಲಿಂಗವಿದೆ. ನಡುವೆ ದಾಟಬೇಕಾದದ್ದು ಒಂದು ಸಣ್ಣ ಹಳ್ಳ, ಹರಳಯ್ಯ ದಾಟಿದಂಥ ಹೊಳೆಯಲ್ಲ.

ಹುಡುಗರು ಈ ಹಳ್ಳವನ್ನು ಹೇಗೂ ದಾಟುತ್ತಿದ್ದಾರೆ. ಜೊತೆಗೆ ಓದುತ್ತಾರೆ, ಜೊತೆಗೆ ಕೆಲಸ ಮಾಡುತ್ತಾರೆ, ಒಬ್ಬರನ್ನೊಬ್ಬರು ಒಪ್ಪುತ್ತಾರೆ. ಕೆಲವರು ಮನೆಗೆ ಹೇಳಲು ಹೆದರಿ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಾರೆ. ಅಪ್ಪ ಅಮ್ಮ ಎರಡು ವರ್ಷ ಮಾತು ಬಿಟ್ಟು, ಮೊಮ್ಮಗು ಹುಟ್ಟಿದ ಮೇಲೆ ತೊಟ್ಟಿಲ ಕಾರ್ಯಕ್ಕೆ ಕರೆಯುತ್ತಾರೆ. ಆ ಎರಡು ವರ್ಷ ಯಾವ ಲೆಕ್ಕಕ್ಕೆ? ಮಠ ಮುಂದೆ ನಿಂತು ವಚನ ಓದಿ ಮಾಡಬಹುದಾಗಿದ್ದ ಮದುವೆ ಅದು. ಕೆಲವು ಮಠಗಳಲ್ಲಿ ಹೀಗೆ ನಡೆಯುತ್ತಲೂ ಇದೆ.

ಈಗ ನಾನು ಬಂದ ಕೆಲಸ ಹೇಳುತ್ತೇನೆ. ನಮ್ಮ ಶ್ರೀಮಠದಿಂದ ಪ್ರತಿ ವರ್ಷ ವಧು-ವರರ ಸಮಾವೇಶ ನಡೆಯುತ್ತದೆ. ಅದರ ಅರ್ಜಿ ನಮೂನೆಯನ್ನು ತಂದಿದ್ದೇನೆ, ಇಲ್ಲಿದೆ. ಇದರಲ್ಲಿ ಹದಿನಾಲ್ಕು ಕಾಲಂ ಇವೆ. ಆರನೆಯದು 'ಒಳಪಂಗಡ'. ಏಳನೆಯದು 'ರಾಶಿ, ನಕ್ಷತ್ರ'. ಇಷ್ಟಲಿಂಗ ದೀಕ್ಷೆ ಆಗಿದೆಯೇ ಎಂಬ ಕಾಲಂ ಇಲ್ಲ. ಈ ನಮೂನೆಯನ್ನು ಯಾರೋ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಬೇರೆ ಎಲ್ಲಿಯದೋ ನಮೂನೆ ನೋಡಿ ಹಿಂದೊಮ್ಮೆ ಅಚ್ಚು ಹಾಕಿಸಿದರು, ಪ್ರತಿ ವರ್ಷ ಅದೇ ನಡೆದುಬಂತು. ಹೂಳು ಬರುವುದೇ ಹಾಗೆ.

ಒಳಪಂಗಡ ತೆಗೆದರೆ ಮೀಸಲಾತಿಗೆ ತೊಂದರೆಯಾಗುತ್ತದೆ ಎಂದು ಒಬ್ಬ ಹಿರಿಯರು ನನಗೆ ಹೇಳಿದರು. ಅವರ ಆತಂಕ ಸುಳ್ಳಲ್ಲ, ಬಡವರ ಮಕ್ಕಳ ಓದಿನ ಪ್ರಶ್ನೆ ಅದು. ಆದರೆ ಜಾತಿ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರು. ಮಠದ ಮದುವೆಯ ಅರ್ಜಿಯನ್ನು ಅವರು ನೋಡುವುದಿಲ್ಲ. ಎರಡೂ ಬೇರೆ ಕಡತ. ಇನ್ನೊಬ್ಬರು, ಕಾಲಂ ತೆಗೆದರೆ ಅರ್ಜಿಯೇ ಬರುವುದಿಲ್ಲ ಎಂದರು. ಮೊದಲ ವರ್ಷ ಕಡಿಮೆ ಬರಬಹುದು. ಕೇಳಲೇಬೇಕು ಎನ್ನುವವರು ಫೋನಿನಲ್ಲಿ ಕೇಳಿಕೊಳ್ಳುತ್ತಾರೆ, ಅದನ್ನು ನಾವು ತಡೆಯಲಾರೆವು. ಪೂಜ್ಯರ ಭಾವಚಿತ್ರ ಇರುವ ಕಾಗದದಲ್ಲಿ ಮಠವೇ ಆ ಪ್ರಶ್ನೆ ಕೇಳುವುದು ಬೇಡ ಎಂದಷ್ಟೇ ನನ್ನ ವಿನಂತಿ.

ಸಮಿತಿಯವರು ಈ ವರ್ಷದ ನಮೂನೆಯನ್ನು ಮುಂದಿನ ಸೋಮವಾರ ಅಚ್ಚಿಗೆ ಕೊಡುತ್ತಾರಂತೆ. ಆರು ಮತ್ತು ಏಳನ್ನು ತೆಗೆದು, ಆ ಜಾಗದಲ್ಲಿ 'ಇಷ್ಟಲಿಂಗ ದೀಕ್ಷೆ' ಮತ್ತು 'ಕಾಯಕ' ಎಂದು ಬರೆದ ಒಂದು ಕರಡು ಮಾಡಿದ್ದೇನೆ. ನಾಲ್ಕು ಪ್ರತಿ ತಂದಿದ್ದೇನೆ. ಒಂದನ್ನು ಪೂಜ್ಯರ ಪಾದಕ್ಕೆ ಒಪ್ಪಿಸುತ್ತೇನೆ, ಉಳಿದವನ್ನು ಸಮಿತಿಯವರು ನೋಡಲಿ. ದಾಸೋಹ ಮುಗಿದ ಮೇಲೆ ನಾನು ಪಡಸಾಲೆಯಲ್ಲೇ ಇರುತ್ತೇನೆ. ಒಪ್ಪದವರು ದಯವಿಟ್ಟು ಬಂದು ಮಾತನಾಡಿ.